ಏಳು ಮೊಟ್ಟೆಗೆ ಕಡಿಮೆ ನೀರು

ನಮ್ಮ ಮನೆಯ ಎಗ್ ಕುಕ್ಕರಿನ ಜೊತೆ ಬಂದ ಅಳತೆ ಬಟ್ಟಲಿನ ಮೇಲೆ ಗೆರೆಗಳಿವೆ. ಒಂದೇ ಮೊಟ್ಟೆ ಬೇಯಿಸುವುದಾದರೆ ಮೇಲಿನ ಗೆರೆಯವರೆಗೆ ನೀರು ತುಂಬಬೇಕು. ಏಳು ಮೊಟ್ಟೆಯಾದರೆ ಕೆಳಗಿನ ಗೆರೆ ಸಾಕು. ಮೊದಲ ಸಲ ನೋಡಿದವರೆಲ್ಲ ಬಟ್ಟಲನ್ನು ತಿರುಗಿಸಿ ನೋಡುತ್ತಾರೆ, ಅಚ್ಚು ಹಾಕುವವರು ತಲೆಕೆಳಗು ಮಾಡಿರಬೇಕು ಅಂದುಕೊಳ್ಳುತ್ತಾರೆ. ನಾವು ಕಲಿತ ಅಡುಗೆಯ ಲೆಕ್ಕ ಬೇರೆ. ಒಂದು ಪಾವು ಅಕ್ಕಿಗೆ ಇಷ್ಟು ನೀರಾದರೆ ಎರಡು ಪಾವಿಗೆ ಅದರ ಎರಡರಷ್ಟು. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ ಸಾರಿಗೆ ಇನ್ನೊಂದು ಚೊಂಬು. ಉಣ್ಣುವವರು ಹೆಚ್ಚಿದಂತೆ ನೀರು ಕಡಿಮೆ ಹಾಕು ಅನ್ನುವ ಈ ಪುಟ್ಟ ಪ್ಲಾಸ್ಟಿಕ್ ಬಟ್ಟಲನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಈ ಯಂತ್ರ ಬಂದದ್ದು ಮಗನಿಗೆ ಡೆಂಗಿ ಜ್ವರ ಬಂದು ಬಿಟ್ಟ ಮೇಲೆ. ಹುಡುಗ ಸೊರಗಿಹೋಗಿದ್ದ. ಡಾಕ್ಟರು ದಿನಕ್ಕೆರಡು ಮೊಟ್ಟೆ ಕೊಡಿ ಎಂದರು. ನನ್ನ ತವರು ಹಾಸನದ ಕಡೆಯ ಹಳ್ಳಿ, ಹಟ್ಟಿಯಲ್ಲಿ ಕೋಳಿ ಕೆದಕದ ದಿನವೇ ಇರಲಿಲ್ಲ. ಸೇರಿದ ಮನೆಯಲ್ಲಿ ಮೊಟ್ಟೆ ಹೊಸ್ತಿಲು ದಾಟಿದ್ದಿಲ್ಲ. ಮದುವೆಯ ಮಾತುಕತೆಯ ಹೊತ್ತಿಗೇ ಇದೆಲ್ಲ ಗೊತ್ತಿದ್ದದ್ದು, ನನಗೆ ಕೊರತೆ ಅನ್ನಿಸಿರಲಿಲ್ಲ. ಆ ಸಂಜೆ ಅತ್ತೆಯೇ ನನ್ನ ಬಳಿ ಬಂದು, "ಒಳಗಿನ ಒಲೆ ಒಂದು ಬಿಟ್ಟು ಬೇರೆ ಏನಾದರೂ ದಾರಿ ಮಾಡಮ್ಮ. ಕರೆಂಟಿನದ್ದು ಸಿಗುತ್ತಂತಲ್ಲ, ಯುಟಿಲಿಟಿಯಲ್ಲಿ ಇಟ್ಟುಕೋ. ಮಗು ಚೇತರಿಸಿಕೊಂಡರೆ ಸಾಕು" ಅಂದರು. ಮಾರನೆಯ ದಿನ ಎಲೆಕ್ಟ್ರಿಷಿಯನ್ನನ್ನು ಕರೆಸಿ ವಾಷಿಂಗ್ ಮೆಷಿನ್ನಿನ ಪಕ್ಕ ಪ್ಲಗ್ ಪಾಯಿಂಟ್ ಹಾಕಿಸಿದ್ದೂ ಅವರೇ.

ಬೆಂಗಳೂರಿನ ಮನೆಗಳಲ್ಲಿ ಅಡುಗೆಮನೆಯ ಹಿಂದೆ ಗ್ರಿಲ್ ಹಾಕಿದ ಕಿರಿದಾದ ಜಾಗವೊಂದಿರುತ್ತದೆ. ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು, ಗ್ಯಾಸ್ ಸಿಲಿಂಡರ್ ನಿಲ್ಲಿಸುವುದು ಎಲ್ಲ ಅಲ್ಲೇ. ನನಗೆ ಗೊತ್ತಿರುವ ಎಷ್ಟೋ ಮನೆಗಳಲ್ಲಿ ಅಲ್ಲೊಂದು ಮೊಳೆಗೆ ಮೊಟ್ಟೆಗೆಂದೇ ಮೀಸಲಾದ ಪಾತ್ರೆ, ಒಂದು ಸೌಟು ನೇತುಬಿದ್ದಿರುತ್ತವೆ. ಆ ಪಾತ್ರೆಗಳ ಬಗ್ಗೆ ನನಗೆ ಗೌರವವಿದೆ. ಒಂದೇ ಸೂರಿನ ಕೆಳಗೆ ಬೇರೆ ಬೇರೆ ಉಂಡು ಮನಸ್ತಾಪವಿಲ್ಲದೆ ಬಾಳುವುದಕ್ಕೆ ಯಾವುದೋ ತಾಯಿ, ಯಾವುದೋ ಸೊಸೆ ಕೂತು ಮಾತಾಡಿ ಕಂಡುಕೊಂಡ ಉಪಾಯ ಅದು. ನಮ್ಮ ಮನೆಯಲ್ಲಿ ಆ ಜಾಗಕ್ಕೆ ಎಗ್ ಕುಕ್ಕರ್ ಬಂತು.

ಯಂತ್ರ ಅನ್ನುವುದಕ್ಕೂ ಅದರಲ್ಲಿ ಹೆಚ್ಚೇನಿಲ್ಲ. ಅಂಗೈಗಿಂತ ತುಸು ಅಗಲದ ಲೋಹದ ತಟ್ಟೆ, ಅದರ ಅಡಿಯಲ್ಲಿ ಕಾಯುವ ಕಾಯಿಲ್. ಮೊಟ್ಟೆಗಳನ್ನು ಕೂರಿಸಲು ತೂತುಗಳಿರುವ ಜಾಲರಿ. ಒಳಗಿನದೆಲ್ಲ ಕಾಣುವ ಗುಮ್ಮಟದ ಮುಚ್ಚಳ, ಅದರ ನೆತ್ತಿಯಲ್ಲಿ ಕಿಂಡಿ. ಅಳತೆ ಬಟ್ಟಲಿನ ತಳದಲ್ಲಿ ಒಂದು ಮೊನಚು ಸೂಜಿ. ತಟ್ಟೆಗೆ ನೀರು ಸುರಿದು ಗುಂಡಿ ಒತ್ತಿದರೆ ನೀರು ಆವಿಯಾಗಿ ಮೊಟ್ಟೆ ಬೇಯುತ್ತದೆ. ನೀರು ಮುಗಿದಾಗ ತಾನೇ ಟಕ್ಕೆಂದು ಆರುತ್ತದೆ. ಗಟ್ಟಿ ಬೇಕೋ, ಹಳದಿ ಇನ್ನೂ ಮೆತ್ತಗಿರಬೇಕೋ ಅನ್ನುವುದನ್ನು ನೀರಿನ ಗೆರೆಯೇ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಹ್ಯಾಂಕ್ಸ್‌ಕ್ರಾಫ್ಟ್ ಎಂಬ ಕಂಪನಿ 1930ರ ದಶಕದಲ್ಲೇ ಪಿಂಗಾಣಿಯ ಮೈಯಿರುವ ಇಂಥ ಕುಕ್ಕರುಗಳನ್ನು ಮಾಡಿ ಮಾರುತ್ತಿತ್ತು.

ಅತ್ತೆ ಮೊಟ್ಟೆಯನ್ನು ಮುಟ್ಟುವವರಲ್ಲ. ಆದರೆ ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಏಳಕ್ಕೆ ಕಡಿಮೆ, ಒಂದಕ್ಕೆ ಹೆಚ್ಚು ಎಂಬ ಲೆಕ್ಕ ಕಣ್ಣಿಗೆ ಬಿದ್ದ ಮೇಲೆ ಅವರಿಗೆ ಸುಮ್ಮನಿರಲು ಆಗಲಿಲ್ಲ. ಕುರ್ಚಿಯನ್ನು ಯುಟಿಲಿಟಿಯ ಬಾಗಿಲಿಗೆ ಎಳೆದುಕೊಂಡು ಕನ್ನಡಕ ಏರಿಸಿ ಮುಚ್ಚಳದೊಳಗೆ ನೋಡುತ್ತ ಕೂತರು. ಒಂದು ದಿನ ಎರಡು ಮೊಟ್ಟೆ, ಇನ್ನೊಂದು ದಿನ ನನ್ನ ತಮ್ಮನ ಮಕ್ಕಳು ಬಂದಿದ್ದಾಗ ಏಳು. "ನೋಡಿಲ್ಲಿ, ಮೊಟ್ಟೆ ಬೆವರುತ್ತಿದೆ" ಅಂದರು. ನಿಜ. ಬಿಸಿ ಆವಿ ತಣ್ಣನೆಯ ಚಿಪ್ಪಿಗೆ ತಾಗಿದೊಡನೆ ಹನಿಯಾಗುತ್ತಿತ್ತು, ಹನಿ ಜಾರಿ ಜಾಲರಿಯ ತೂತಿನಿಂದ ಮತ್ತೆ ತಟ್ಟೆಗೆ ಬೀಳುತ್ತಿತ್ತು, ಬಿದ್ದದ್ದು ಮತ್ತೆ ಆವಿಯಾಗುತ್ತಿತ್ತು. ಏಳು ಮೊಟ್ಟೆಗಳಿದ್ದರೆ ಏಳು ಮೈಗಳಿಂದ ನೀರು ವಾಪಸು. ಒಂದೇ ಇದ್ದರೆ ಆವಿಯ ಬಹುಪಾಲು ಯಾರನ್ನೂ ಮುಟ್ಟದೆ ನೆತ್ತಿಯ ಕಿಂಡಿಯಿಂದ ಹೊರಗೆ. ಹಾಗಾಗಿ ಹೆಚ್ಚು ಮೊಟ್ಟೆಗಳ ನಡುವೆ ಸ್ವಲ್ಪವೇ ನೀರು ಹೆಚ್ಚು ಹೊತ್ತು ಬಾಳುತ್ತದೆ. ಕಾಗದದ ಮೇಲೆ ಬಾಣದ ಗುರುತು ಹಾಕಿ ಮೊಮ್ಮಗನಿಗೆ ಇದನ್ನು ವಿವರಿಸುವಾಗ ಅತ್ತೆಯ ದನಿ ತರಗತಿಯ ದನಿಯಾಗಿತ್ತು. ಒಂದು ಗ್ರಾಂ ಆವಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖ ಬಿಟ್ಟುಕೊಡುತ್ತದೆ, ಕುದಿಯುವ ನೀರು ಒಂದು ಡಿಗ್ರಿ ತಣ್ಣಗಾದರೆ ಬಿಡುವುದು ಒಂದೇ ಕ್ಯಾಲೊರಿ ಎನ್ನುವುದನ್ನೂ ಹೇಳಿಕೊಟ್ಟರು. ಮುಚ್ಚಳ ತೆಗೆಯುವಾಗ ಮುಖವನ್ನು ಆಚೆ ತಿರುಗಿಸಬೇಕು ಎನ್ನುವುದಕ್ಕೆ ಆ ಹುಡುಗನಿಗೆ ಅದಕ್ಕಿಂತ ಒಳ್ಳೆಯ ಕಾರಣ ಸಿಗುವಂತಿರಲಿಲ್ಲ.

ಆಮೇಲೆ ಅವರು ತಮ್ಮ ಅಮ್ಮನ ಇಡ್ಲಿ ಪಾತ್ರೆಯ ಮಾತು ತೆಗೆದರು. ತೀರ್ಥಹಳ್ಳಿ ಕಡೆಯ ದೊಡ್ಡ ಮನೆ, ಹಬ್ಬದ ದಿನ ಮೂವತ್ತು ಜನಕ್ಕೆ ಕಡುಬು ಬೇಯಬೇಕು. ಪಾತ್ರೆಯ ತಳದ ನೀರಿಗೆ ಅವರಮ್ಮ ಒಂದು ಹಳೆಯ ತಾಮ್ರದ ಕಾಸು ಹಾಕುತ್ತಿದ್ದರಂತೆ. ನೀರು ಕುದಿಯುವಷ್ಟು ಹೊತ್ತೂ ಕಾಸು ಟಕಟಕ ಕುಣಿಯುತ್ತದೆ. ಸದ್ದು ನಿಂತಿತೋ, ತಳದಲ್ಲಿ ನೀರು ಮುಗಿದಿದೆ ಎಂದರ್ಥ. ಎಲ್ಲಿದ್ದರೂ ಓಡಿಬಂದು ನೀರು ಹೊಯ್ಯಬೇಕು. ನಮ್ಮ ಕುಕ್ಕರಿನಲ್ಲಿ ಆ ಕೆಲಸವನ್ನು ತಟ್ಟೆಯಡಿಯ ಥರ್ಮೋಸ್ಟಾಟ್ ಮಾಡುತ್ತದೆ. ನೀರಿರುವಷ್ಟು ಹೊತ್ತು ತಟ್ಟೆಯ ಬಿಸಿ ಕುದಿಯುವ ಬಿಸಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದು 97 ಡಿಗ್ರಿಯ ಹತ್ತಿರ. ಕೊನೆಯ ಹನಿ ಆರಿದೊಡನೆ ಬಿಸಿ ಜಿಗಿಯುತ್ತದೆ, ಎರಡು ಲೋಹ ಬೆಸೆದ ಪಟ್ಟಿ ಬಾಗುತ್ತದೆ, ಕರೆಂಟು ಕಡಿದುಹೋಗುತ್ತದೆ. ಯುಟಿಲಿಟಿಯಿಂದ ಟಕ್ ಎಂದು ಕೇಳಿದಾಗಲೆಲ್ಲ ಅತ್ತೆ ಇವತ್ತಿಗೂ, "ಕಾಸು ನಿಂತಿತು ನೋಡು" ಅನ್ನುತ್ತಾರೆ.

ನನ್ನ ಅಜ್ಜಿಯ ಬಳಿ ಇದ್ಯಾವುದೂ ಇರಲಿಲ್ಲ. ಬಚ್ಚಲೊಲೆಯ ಬೂದಿ ಇತ್ತು. ಸಂಜೆ ಹಂಡೆಯ ನೀರು ಕಾದು ಕೆಂಡ ಮಂಕಾದ ಮೇಲೆ ಒದ್ದೆ ಬಟ್ಟೆ ಸುತ್ತಿದ ಮೊಟ್ಟೆಯನ್ನು ಬಿಸಿಬೂದಿಯಲ್ಲಿ ಹುದುಗಿಸುತ್ತಿದ್ದಳು. ಅದಕ್ಕೆ ಮೊದಲು ಮೊಟ್ಟೆಯ ದಪ್ಪ ತುದಿಯನ್ನು ಮುಳ್ಳಿನಿಂದ ಹುಷಾರಾಗಿ ಚುಚ್ಚುವಳು. "ಉಸಿರು ಬಿಡಕ್ಕೆ ದಾರಿ ಬ್ಯಾಡ್ವ ಅದಕ್ಕೆ? ಇಲ್ದಿದ್ರೆ ಸಿಡೀತದೆ ಕಣ್ ಮಗ" ಅನ್ನುವಳು. ದಪ್ಪ ತುದಿಯಲ್ಲೇ ಗಾಳಿಯ ಗೂಡಿರುವುದು. ಬಿಸಿಯಾದಾಗ ಹಿಗ್ಗುವ ಗಾಳಿಗೆ ಹೊರದಾರಿ ಸಿಕ್ಕಿದರೆ ಚಿಪ್ಪು ಬಿರಿಯುವ ಭಯ ಕಡಿಮೆ. ಅಳತೆ ಬಟ್ಟಲಿನ ತಳದ ಸೂಜಿಗೆ ಮೊಟ್ಟೆಯನ್ನು ಒತ್ತುವಾಗ ಚಿಪ್ಪು ಚಿಕ್ಕ ಸದ್ದು ಮಾಡಿ ಒಡೆಯುತ್ತದೆ, ಬೆರಳಿಗೆ ತಿಳಿಯುತ್ತದೆ. ಆಗ ನನಗೆ ಬೂದಿಯ ವಾಸನೆ ಬರುತ್ತದೆ, ಸುಟ್ಟ ಮೊಟ್ಟೆಯ ಮೇಲೆ ಅಜ್ಜಿ ಉದುರಿಸುತ್ತಿದ್ದ ಉಪ್ಪು ಮೆಣಸಿನ ಪುಡಿಯ ಘಾಟು ಬರುತ್ತದೆ.

ಅಜ್ಜಿಯ ಕೋಳಿಗಳಿಗೆ ಒಂದು ಚಾಳಿಯಿತ್ತು. ಯುಗಾದಿಗೆ ಗೋಡೆಗೆ ಸುಣ್ಣ ಬಳಿದ ಮೇಲೆ ಅವು ಗೋಡೆಯ ಬುಡವನ್ನು ಕುಕ್ಕುತ್ತಿದ್ದವು. ನಾವು ಓಡಿಸಲು ಹೋದರೆ ಅಜ್ಜಿ ಬಿಡುತ್ತಿರಲಿಲ್ಲ. ಮೊಟ್ಟೆ ಇಡುವ ಕೋಳಿಗೆ ಸುಣ್ಣ ಬೇಕು, ಗೋಡೆ ಹಾಳಾದರೆ ಮತ್ತೆ ಬಳಿದರಾಯಿತು ಅನ್ನುವಳು. ಅಡುಗೆಮನೆಯಲ್ಲಿ ಉಳಿದ ಚಿಪ್ಪುಗಳನ್ನೂ ಒಣಗಿಸಿ ಪುಡಿ ಮಾಡಿ ನುಚ್ಚಿನ ಜೊತೆ ಎರಚುವಳು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು. ಮೊಟ್ಟೆಯ ಚಿಪ್ಪಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್ ಎಂದು ನಾನು ಪುಸ್ತಕದಲ್ಲಿ ಓದಿದ್ದು ಅವಳು ತೀರಿಕೊಂಡ ಎಷ್ಟೋ ವರ್ಷಕ್ಕೆ. ಸುಣ್ಣ ಬಳಿದ ಗೋಡೆ ಗಾಳಿಯಲ್ಲಿ ಒಣಗುತ್ತ ಕೊನೆಗೆ ಆಗುವುದೂ ಅದೇ.

ಆ ಸುಣ್ಣ ನನ್ನ ಕುಕ್ಕರಿನ ತಟ್ಟೆಗೂ ಬಂತು. ನಮ್ಮ ಬಡಾವಣೆ ನಗರದ ಅಂಚಿನದ್ದು. ಬಹಳ ವರ್ಷ ಬೋರ್‌ವೆಲ್ ನೀರೇ ಗತಿ. ಆ ನೀರಿನಲ್ಲಿ ಸೋಪು ನೊರೆ ಬರದು, ಬಕೆಟ್ಟಿನ ಅಂಚಿಗೆ ಬಿಳಿ ಕರೆ. ನೆಲದಾಳದ ಕಲ್ಲುಗಳ ನಡುವೆ ಹರಿದು ಬಂದ ನೀರು ಕರಗಿದ ಕ್ಯಾಲ್ಸಿಯಂ ಹೊತ್ತು ತರುತ್ತದೆ. ಕಾಯಿಸಿದಾಗ ಅದು ಬಿಳಿ ಪದರವಾಗಿ ಕೂರುತ್ತದೆ. ಪಾತ್ರೆಯ ನೀರಿನಲ್ಲಿ ಮೊಟ್ಟೆ ಬೇಯಿಸಿದರೆ ನೀರನ್ನು ಚೆಲ್ಲುತ್ತೇವೆ, ಕರೆ ಅಷ್ಟಾಗಿ ನಿಲ್ಲದು. ಇಲ್ಲಿ ನೀರು ಕೊನೆಯ ಹನಿಯವರೆಗೆ ಆರಬೇಕು, ಹಾಗಾಗಿ ಅದು ಹೊತ್ತು ತಂದದ್ದೆಲ್ಲ ತಟ್ಟೆಯ ಮೇಲೇ ಉಳಿಯುತ್ತದೆ. ಮೊದಲು ಮಂಜಿನ ಹಾಗೆ ತೆಳುವಾಗಿದ್ದ ಉಂಗುರ ಬರಬರುತ್ತ ಗಟ್ಟಿ ಹಕ್ಕಳೆಯಾಯಿತು. ಒಂದು ಬೇಸಿಗೆಯಲ್ಲಿ ಮೊಟ್ಟೆಗಳು ಅರೆಬೆಂದು ಬರತೊಡಗಿದವು. ಹಕ್ಕಳೆ ನಡುವೆ ಅಡ್ಡ ಕೂತು ಬಿಸಿ ನೀರಿಗೆ ಸರಿಯಾಗಿ ಏರದೆ ತಟ್ಟೆಯಲ್ಲೇ ನಿಂತರೆ, ನೀರು ಇನ್ನೂ ಇರುವಾಗಲೇ ಥರ್ಮೋಸ್ಟಾಟ್ ಮುಗಿಯಿತೆಂದು ತಿಳಿದು ಆರಿಬಿಡುತ್ತದೆ.

"ಲೀಲಾವತಿಯ ಕಥೆ ಆಯಿತಲ್ಲಮ್ಮ ಇದು" ಅಂದರು ಅತ್ತೆ.

ಅವರ ಬಾಲ್ಯದಲ್ಲಿ ಊರಿನ ಮದುವೆಗಳಲ್ಲಿ ಪುರೋಹಿತರು ಮುಹೂರ್ತಕ್ಕೆ ಗಳಿಗೆ ಬಟ್ಟಲು ತೇಲಿಬಿಡುತ್ತಿದ್ದುದನ್ನು ನೋಡಿದವರು ಅವರು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು, ಹರಿವಾಣದ ತುಂಬ ನೀರು. ತೂತಿನಿಂದ ನೀರು ಮೆಲ್ಲನೆ ಏರಿ ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ, ಅಂದರೆ 24 ನಿಮಿಷ. ಅಂಥ ಅರವತ್ತು ಗಳಿಗೆ ಸೇರಿದರೆ ಒಂದು ಹಗಲು ಒಂದು ರಾತ್ರಿ. ಭಾಸ್ಕರಾಚಾರ್ಯರು 1150ರಲ್ಲಿ ಬರೆದ 'ಲೀಲಾವತಿ' ಗಣಿತವನ್ನು ಅತ್ತೆ ಮಕ್ಕಳಿಗೆ ಪ್ರೀತಿಯಿಂದ ಹೇಳುತ್ತಿದ್ದರು. ಆ ಭಾಸ್ಕರರ ಊರು ನಮ್ಮ ವಿಜಯಪುರವೇ ಎಂದು ಕನ್ನಡದವರು ನಂಬಿಕೊಂಡು ಬಂದಿದ್ದೇವೆ, ಮಹಾರಾಷ್ಟ್ರದವರು ತಮ್ಮ ಕಡೆಯವರು ಅನ್ನುತ್ತಾರೆ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಆ ಗ್ರಂಥವನ್ನು ಪಾರ್ಸಿಗೆ ತಂದಾಗ ಜೊತೆಗೊಂದು ಕಥೆಯನ್ನೂ ಬರೆದ. ಮಗಳು ಲೀಲಾವತಿಯ ಮದುವೆಗೆ ಒಂದೇ ಒಂದು ಶುಭಗಳಿಗೆ ಇದೆಯೆಂದು ತಂದೆ ಬಟ್ಟಲು ತೇಲಿಬಿಟ್ಟಿದ್ದಾರೆ. ಕುತೂಹಲದ ಹುಡುಗಿ ಬಗ್ಗಿ ನೋಡುವಾಗ ಅವಳ ಒಡವೆಯ ಮುತ್ತೊಂದು ಕಳಚಿ ಬಟ್ಟಲಿಗೆ ಬಿದ್ದು ತೂತನ್ನು ಮುಚ್ಚುತ್ತದೆ. ಬಟ್ಟಲು ಮುಳುಗುವುದೇ ಇಲ್ಲ, ಗಳಿಗೆ ಮೀರಿಹೋಗುತ್ತದೆ. ಬೇಸರಗೊಂಡ ಮಗಳಿಗೆ ತಂದೆ, ನಿನ್ನ ಹೆಸರು ಉಳಿಯುವಂಥ ಪುಸ್ತಕ ಬರೆಯುತ್ತೇನೆ ಎಂದರಂತೆ. ಕಥೆ ಎಷ್ಟು ನಿಜವೋ, ಪುಸ್ತಕವಂತೂ ಉಳಿಯಿತು.

ಮುತ್ತು ಕೂಡ ಕ್ಯಾಲ್ಸಿಯಂ ಕಾರ್ಬೊನೇಟೇ. ಇದನ್ನು ನಾನು ಹೇಳಿದಾಗ ಅತ್ತೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. ನೀರಿನ ಗಡಿಯಾರವನ್ನು ಆಗ ಕೆಡಿಸಿದ್ದೂ ಈಗ ಕೆಡಿಸುತ್ತಿರುವುದೂ ಒಂದೇ ವಸ್ತು ಎಂಬುದು ಅವರಿಗೆ ಎಷ್ಟು ಹಿಡಿಸಿತೆಂದರೆ, ಅವತ್ತು ಫೋನಿಗೆ ಸಿಕ್ಕ ಹಳೆಯ ಶಿಷ್ಯೆಯರಿಗೆಲ್ಲ ಹೇಳಿದರು.

ತೊಳೆಯುವ ಕೆಲಸ ನನಗೆ ಇಷ್ಟವಾಗತೊಡಗಿದ್ದು ಆಗಿನಿಂದ. ಕುಕ್ಕರಿನ ತಳಭಾಗವನ್ನು ನಲ್ಲಿಯ ಕೆಳಗೆ ಹಿಡಿಯುವಂತಿಲ್ಲ, ಒಳಗೆ ತಂತಿಗಳಿವೆ. ಪ್ಲಗ್ ತೆಗೆದು ತಟ್ಟೆ ಪೂರ್ತಿ ಆರಲು ಬಿಡಬೇಕು. ಕಬ್ಬಿಣದ ಜುಂಗು ಹಾಕಿ ಉಜ್ಜಿದರೆ ಮೇಲಿನ ಲೇಪ ಗೀರಿಹೋಗುತ್ತದೆ. ನಾನು ಒಂದು ನಿಂಬೆಹೋಳು ಹಿಂಡಿ ಎರಡು ಚಮಚ ನೀರು ಬೆರೆಸಿ ತಟ್ಟೆಗೆ ಸುರಿಯುತ್ತೇನೆ. ನಿಂಬೆ ತುಟ್ಟಿಯಾದಾಗ ವಿನಿಗರ್. ಕಿವಿ ಹತ್ತಿರ ತಂದರೆ ಸಣ್ಣ ಸುಂಯ್ ಸದ್ದು ಕೇಳುತ್ತದೆ. ಬಿಳಿ ಹಕ್ಕಳೆಯ ಮೇಲೆ ಗುಳ್ಳೆಗಳೇಳುತ್ತವೆ. ಹುಳಿ ಸುಣ್ಣವನ್ನು ಕರಗಿಸುವಾಗ ಹೊರಬರುವ ಗಾಳಿ ಅದು. ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಹಕ್ಕಳೆ ಸಡಿಲಾಗಿರುತ್ತದೆ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರೆ ತಟ್ಟೆ ಮುಖ ಕಾಣುವಷ್ಟು ಹೊಳೆಯುತ್ತದೆ. ಕೊನೆಗೊಮ್ಮೆ ಒದ್ದೆ ಬಟ್ಟೆ, ಒಮ್ಮೆ ಒಣ ಬಟ್ಟೆ. ಚಿಪ್ಪು ಬಿರಿದು ಬಿಳಿ ಸೋರಿ ತಟ್ಟೆಯಲ್ಲಿ ಸೀದ ದಿನ ಮಾತ್ರ ಮೊದಲು ಬೆಚ್ಚಗಿನ ಸೋಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಹೊದಿಸಿ ನೆನೆಯಲು ಬಿಡಬೇಕು. ಆ ಸೀದ ವಾಸನೆ ಮನೆಯೊಳಗೆ ನುಸುಳದಂತೆ ನಾನು ಬಹಳ ಎಚ್ಚರ ವಹಿಸುತ್ತೇನೆ. ಅತ್ತೆ ಅದನ್ನು ಎಂದೂ ಬಾಯಿಬಿಟ್ಟು ಕೇಳಿಲ್ಲ. ಕೇಳದೇ ಇರುವುದರಿಂದಲೇ ನೋಡಿಕೊಳ್ಳಬೇಕು ಅನ್ನಿಸುತ್ತದೆ.

ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ಪಂಥ ಕಟ್ಟಿ ಮುತ್ತೊಂದನ್ನು ವಿನಿಗರಿನಲ್ಲಿ ಕರಗಿಸಿ ಕುಡಿದಳೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಗುಳ್ಳೆ ನೋಡುತ್ತ ನಿಂತಾಗ ಈ ಕಥೆಯನ್ನೂ ಅತ್ತೆಗೆ ಹೇಳಿದೆ. ಅವರಿಗೆ ಅದು ಹಿಡಿಸಲಿಲ್ಲ. ಲೀಲಾವತಿಯ ಮುತ್ತು ಕೈಮೀರಿ ಬಿದ್ದದ್ದು, ಬೇಕೆಂದೇ ಹಾಳು ಮಾಡುವುದೇನು ಎಂದರು.

2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ನೀರು ನಗರದ ಅಂಚಿನ ಹಳ್ಳಿಗಳಿಗೆ ಹರಿಯಲು ಶುರುವಾಯಿತು. ನಮ್ಮ ಬೀದಿಯ ನಲ್ಲಿಗೂ ಬಂದಾಗ ಎಲ್ಲರೂ ರುಚಿ ನೋಡಿ, ನೊರೆ ನೋಡಿ ಸಂಭ್ರಮಪಟ್ಟರು. ನನಗೆ ತಟ್ಟೆಯೇ ಸಾಕ್ಷಿ ಹೇಳಿತು. ಹೊಳೆಯ ನೀರು ಬಿಡುವ ಕರೆ ತೀರಾ ತೆಳು, ಬೆರಳಿನಲ್ಲಿ ಒರೆಸಿದರೂ ಹೋಗುತ್ತದೆ. ನಲ್ಲಿ ಬಿಡದ ದಿನ ಬೋರಿನ ನೀರು ಹಾಕಿದರೆ ಮಾರನೆಯ ಬೆಳಿಗ್ಗೆ ಉಂಗುರ ಹಾಜರು.

ಬೆಂದ ಮೊಟ್ಟೆ ಸುಲಿಯುವುದರ ಬಗ್ಗೆ ನನಗೆ ಪಾಠ ಹೇಳಿದವಳು ತಂಗಿ. ಅರಸೀಕೆರೆ ಕಡೆಯ ಸರ್ಕಾರಿ ಶಾಲೆಯಲ್ಲಿ ಟೀಚರ್ ಅವಳು. ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವು ಸೇರಿ ವಾರಕ್ಕೆ ಆರು ದಿನವಾಯಿತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು, 2025ರ ಶುರುವಿನವರೆಗೆ ಚಿಕ್ಕಿಯೂ ಇತ್ತು. ದೊಡ್ಡ ಡಬರಿಯಲ್ಲಿ ಮೊಟ್ಟೆ ಬೇಯಿಸಿ ಅಡುಗೆಯವರು ತಣ್ಣೀರಿಗೆ ಸುರಿಯುತ್ತಾರೆ. ತಣ್ಣೀರಿಗೆ ಬಿದ್ದರೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ, ಹಳದಿಯ ಸುತ್ತ ಹಸಿರು ಕಟ್ಟುವುದಿಲ್ಲ. ಹೆಚ್ಚು ಬೆಂದ ಮೊಟ್ಟೆಯಲ್ಲಿ ಬಿಳಿಯ ಗಂಧಕವೂ ಹಳದಿಯ ಕಬ್ಬಿಣವೂ ಕೂಡಿಕೊಂಡು ಆ ಹಸಿರಾಗುವುದು. ಒಂದನೇ ತರಗತಿಯ ಮಕ್ಕಳು ನೆಲಕ್ಕೆ ಮೆಲ್ಲಗೆ ಕುಟ್ಟಿ, ಉರುಳಿಸಿ, ನಾಲಗೆ ಕಚ್ಚಿಕೊಂಡು ಚಿಪ್ಪು ಬಿಡಿಸುವುದನ್ನು ತಂಗಿ ವರ್ಣಿಸುವುದು ಕೇಳಬೇಕು. ಪೂರ್ತಿ ನುಣುಪಾಗಿ ಬಿಡಿಸಿದವರು ಮೊದಲು ಎಲ್ಲರಿಗೂ ತೋರಿಸಿ ಆಮೇಲೆ ತಿನ್ನುತ್ತಾರಂತೆ.

ಊರಿಂದ ತಂದ ನಾಟಿ ಮೊಟ್ಟೆ ಅವತ್ತಿನದ್ದೇ ಆದರೆ ಸುಲಿಯುವಾಗ ಚಿಪ್ಪಿನ ಜೊತೆ ಬಿಳಿಯೂ ಕಿತ್ತು ಬರುತ್ತದೆ. ಇಟ್ಟು ಒಂದು ವಾರವಾದರೆ ಸಲೀಸು. ಚಿಪ್ಪಿನ ತುಂಬ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳು. ಅವುಗಳ ಮೂಲಕ ಒಳಗಿನ ಇಂಗಾಲದ ಡೈಆಕ್ಸೈಡ್ ದಿನದಿನಕ್ಕೆ ಹೊರಹೋಗುತ್ತದೆ, ಬಿಳಿಯ ಹುಳಿ ಇಳಿಯುತ್ತದೆ, ಒಳಪೊರೆಯ ಹಿಡಿತ ಸಡಿಲವಾಗುತ್ತದೆ. ಜೊತೆಗೆ ತೇವ ಆರಿ ಗಾಳಿಗೂಡು ದೊಡ್ಡದಾಗುತ್ತದೆ. ಅಜ್ಜಿ ಮೊಟ್ಟೆಯನ್ನು ನೀರಿಗೆ ಬಿಟ್ಟು, ತಳಕ್ಕೆ ಮಲಗಿದರೆ ಹೊಸದು, ತೇಲಿದರೆ ಹಳತು ಎಂದು ಎತ್ತಿಡುತ್ತಿದ್ದದ್ದು ಆ ಗಾಳಿಯನ್ನು ನಂಬಿಯೇ. ಆವಿಯಲ್ಲಿ ಬೆಂದದ್ದು ಸಾಮಾನ್ಯವಾಗಿ ಚೆನ್ನಾಗಿಯೇ ಸುಲಿಯುತ್ತದೆ, ಶುರುವಿಗೇ ಜೋರು ಬಿಸಿ ತಾಗುವುದರಿಂದ ಬಿಳಿ ಪೊರೆಗೆ ಅಂಟುವ ಮೊದಲೇ ಗಟ್ಟಿಯಾಗುತ್ತದೆ.

ಈಗ ನಮ್ಮ ಮನೆಯಲ್ಲಿ ಕುಕ್ಕರು ಎರಡಿವೆ. ಎರಡನೆಯದು ಅತ್ತೆಯದು, ಅವರೇ ಕೇಳಿ ತರಿಸಿಕೊಂಡದ್ದು. ಇರುವುದು ಒಳಗಿನ ಅಡುಗೆಮನೆಯಲ್ಲಿ. ಯುಟಿಲಿಟಿಯ ಬಾಗಿಲಲ್ಲಿ ಕೂತು ನೋಡುತ್ತಿದ್ದಾಗಲೇ ಅವರ ತಲೆಯಲ್ಲಿ ನುಚ್ಚಿನುಂಡೆ ಕೂತಿತ್ತಂತೆ. ನೆನೆಸಿದ ತೊಗರಿಬೇಳೆಯನ್ನು ತರಿತರಿಯಾಗಿ ರುಬ್ಬಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ, ಶುಂಠಿ, ಹಸಿಮೆಣಸಿನಕಾಯಿ ಕಲಸಿ ಅವರು ಅಂಗೈಯಲ್ಲಿ ಒತ್ತುವ ಉಂಡೆಗಳು ಉದ್ದನೆಯವು, ಜಾಲರಿಯ ಗುಳಿಗಳಲ್ಲಿ ಅಳತೆ ಕೊಟ್ಟು ಮಾಡಿಸಿದಷ್ಟು ಸರಿಯಾಗಿ ಕೂರುತ್ತವೆ. ಇಬ್ಬರಿಗೆ ಏಳು ಉಂಡೆ, ಪಕ್ಕದಲ್ಲಿ ಮಜ್ಜಿಗೆಹುಳಿ. ಅಷ್ಟಕ್ಕೆ ದೊಡ್ಡ ಇಡ್ಲಿ ಪಾತ್ರೆ ಇಳಿಸಿ, ಒಲೆಗೇರಿಸಿ, ಕಾದು ನಿಲ್ಲುವುದು ಎಪ್ಪತ್ತು ದಾಟಿದ ಅವರ ಮಂಡಿಗಳಿಗೆ ಕಷ್ಟವಾಗಿತ್ತು. ಬಟ್ಟಲಿನ ಗೆರೆಗಳು ಉಂಡೆಗೆ ಹೊಂದುವುದಿಲ್ಲ, ಉಂಡೆಗೆ ನೀರು ಹೆಚ್ಚು ಬೇಕು. ಹಾಗಾಗಿ ಒಂದೊಂದು ಸಲ ಒಂದೊಂದು ಅಳತೆ ಹಾಕಿ, ಉಂಡೆ ಮುರಿದು ನೋಡಿ, ಪಟ್ಟಿಯಲ್ಲಿ ಬರೆದಿಟ್ಟುಕೊಂಡು, ಕೊನೆಗೆ ಮಾರ್ಕರ್ ಪೆನ್ನಿನಲ್ಲಿ ತಮ್ಮದೇ ಗೆರೆ ಎಳೆದು ಪಕ್ಕದಲ್ಲಿ 'ನು' ಎಂದು ಬರೆದಿದ್ದಾರೆ. ಹೆಸರುಬೇಳೆ ಬೆರೆಸಿದ ಉಂಡೆಗೆ ಇದಕ್ಕಿಂತ ಕಡಿಮೆ ನೀರು ಸಾಕೇ ಎನ್ನುವುದು ಇನ್ನೂ ತೀರ್ಮಾನವಾಗಿಲ್ಲ. ನಾಳೆ ಬೆಳಿಗ್ಗೆಗೆಂದು ಬೇಳೆ ನೆನೆಹಾಕಿದ್ದಾರೆ.